ತಾಳ್ಮೆಪ್ಪನ ಐದು ದಿವಸ

ಕಲಬುರಗಿಯ ಬ್ರಹ್ಮಪುರದ ಆ ಮನೆಯ ಅಡುಗೆಮನೆ ಅಟ್ಟದ ಮೇಲೆ ಹನ್ನೊಂದು ಸ್ಟೀಲ್ ಡಬ್ಬಿಗಳು ಬೋರಲು ಬಿದ್ದಿದ್ದವು. ಒಂದರ ಮೇಲೂ ಆ ಮನೆಯವರ ಹೆಸರಿಲ್ಲ. ವಕೀಲರ ಮನೆಯದು, ಗಂಜ್ ಪೇಟೆಯ ಅಡತಿ ದಲಾಲರದು, ಹೆಡ್‌ಮಾಸ್ತರರದು ಎಂದು ಒಂದೊಂದರ ತಳದಲ್ಲಿ ಒಂದೊಂದು ಹೆಸರು ಕೊರೆದಿತ್ತು. ಸಾವಿತ್ರೀಬಾಯಿಯ ವ್ಯಾಪಾರ ನಡೆದದ್ದೇ ಹಾಗೆ. ಮೆಂತೆಹಿಟ್ಟು ಬೇಕಾದವರು ತಮ್ಮ ಖಾಲಿ ಡಬ್ಬಿ ತಂದು ಕಟ್ಟೆಯ ಮೇಲೆ ಇಟ್ಟು ಹೋಗಬೇಕು. ಎಂಟು ದಿವಸಕ್ಕೆ ಡಬ್ಬಿ ತುಂಬುತ್ತದೆ. ಒಯ್ದು, ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ಉಂಡು, ರುಚಿ ಹತ್ತಿದ ಮೇಲೆ ಮುಂದಿನ ಸಲ ಡಬ್ಬಿಯ ಜೊತೆ ರೊಕ್ಕ ಕಳಿಸಬೇಕು. ಮೊದಲೇ ಕೊಡಲು ಬಂದವರಿಗೆ ಅವಳು, "ಮದಲ ಉಣ್ರಿ, ಆ ಮ್ಯಾಲ ಕೊಡ್ರಿ," ಎಂದು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದಳು. ನಲವತ್ತು ವರ್ಷ ಒಬ್ಬರೂ ಮುಳುಗಿಸಲಿಲ್ಲ. ಅಟ್ಟದ ಮೇಲಿನ ಹನ್ನೊಂದು ಡಬ್ಬಿ ಮಾತ್ರ ತುಂಬಿಸಿಕೊಳ್ಳಲು ಯಾರೂ ಬರದೆ ಉಳಿದವು. ಕೆಲವರು ತೀರಿಹೋಗಿದ್ದರು, ಕೆಲವರು ಮಕ್ಕಳ ಬೆನ್ನು ಹತ್ತಿ ಪುಣೆಗೋ ಹೈದರಾಬಾದಿಗೋ ಹೋಗಿದ್ದರು.

"ಇನ್ನ ಡಬ್ಬಿ ಬರೂದಿಲ್ರಿ ಅತ್ಯಾ. ನಾವೇ ಕಳಸಬೇಕು," ಎಂದಳು ಸೊಸೆ ಶುಭದಾ.

ಭಾದ್ರಪದದ ಒಂದು ಭಾನುವಾರ. ಚಾತುರ್ಮಾಸದಲ್ಲಿ ಹಾಲು ಬಿಟ್ಟ ತಿಂಗಳು. ಎಲ್ಲರ ಮುಂದೆ ಶುಂಠಿ ಹಾಕಿದ ಕರಿ ಚಹಾ ಇತ್ತು.

"ಯಾರಿಗೆ ಕಳಸ್ತಿ?" ಎಂದಳು ಸಾವಿತ್ರೀಬಾಯಿ.

"ಯಾರು ಕೇಳ್ತಾರೋ ಅವರಿಗೆ. ವೆಬ್‌ಸೈಟ್ ಮಾಡಸ್ಲಿಕತ್ತೀನಿ. ಐವಾನ್-ಎ-ಶಾಹಿ ರೋಡಿನ ಗುಫ್ರಾನಭಾಯಿ ಮಾಡಿಕೊಡ್ತಾರ. ಅರ್ಧ ಆಗೇ ಹೋಗ್ಯದ."

ಮಗ ಸುಜಯೀಂದ್ರ ಚಹಾದ ಲೋಟ ಕೆಳಗಿಟ್ಟ. ಕಪನೂರದ ದಾಲ್ ಮಿಲ್ಲೊಂದರಲ್ಲಿ ಅವನು ಗುಮಾಸ್ತ. ಈಗ ಎರಡು ವರ್ಷದಿಂದ ಮಿಲ್ಲು ವರ್ಷಕ್ಕೆ ನಾಲ್ಕು ತಿಂಗಳು ನಿಲ್ಲುತ್ತಿತ್ತು, ನಿಂತಾಗ ಅರ್ಧ ಪಗಾರ. ಮಗಳು ಮಂಜುಷಾಳದು ಬಿ.ಕಾಂ. ಕೊನೆಯ ವರ್ಷ.

"ರೊಕ್ಕ ಎಲ್ಲಿಂದ ಬಂತು?"

"ನನ್ನ ಹೊಲಗಿ ರೊಕ್ಕ."

"ನನಗ ಕೇಳಲಿಲ್ಲ."

"ನೀವು ಬ್ಯಾಡ ಅಂತಿದ್ರಿ. ಅದಕ್ಕ ಕೇಳಲಿಲ್ಲ."

ಸುಜಯೀಂದ್ರ ತಾಯಿಯ ಮುಖ ನೋಡಿದ. ತಾಯಿ ಮೊರದೊಳಗಿನ ಮೆಂತ್ಯದಲ್ಲಿ ಹರಳು ಹುಡುಕುತ್ತಿದ್ದಳು. ಅವನೇ ಹೇಳಿದ: "ದೀಪಾವಳಿ ತನಕ ನೋಡು. ಕುದುರಲಿಲ್ಲಂದ್ರ ಮುಚ್ಚಿಬಿಡು. ಮತ್ತ ನನ್ನ ಮುಂದ ಆ ಮಾತು ತಗೀಬಾರದು."

"ಆತು. ಆದ್ರ ಕುದುರಿತಂದ್ರ ನೀವೂ ಮುಚ್ಚೂ ಮಾತು ತಗೀಬಾರದು," ಎಂದು ಶುಭದಾ ಲೋಟಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು.

ಸಾವಿತ್ರೀಬಾಯಿ ಓದಿದ್ದು ನಾಲ್ಕನೆಯ ಇಯತ್ತೆ. ವೆಬ್‌ಸೈಟ್ ಅಂದರೆ ಏನೆಂದು ಮೊಮ್ಮಗಳು ಫೋನಿನಲ್ಲಿ ತೋರಿಸಿದಾಗ ಅವಳಿಗೆ ಅದು ಕಷ್ಟವೇನೂ ಅನ್ನಿಸಲಿಲ್ಲ. ಅಂಗಡಿಯ ಫೋಟೋ, ಅಷ್ಟೇ. ರೊಕ್ಕದ ಮಾತು ಬಂದಾಗ ಮಾತ್ರ ಅವಳ ಕೈ ಮೊರದ ಮೇಲೆ ನಿಂತಿತು.

"ಕೊಳ್ಳೋರು ಮತ್ತ ನಮ್ಮ ನಡುವ ಒಬ್ಬಾಂವ ಇರಬೇಕು ಅಜ್ಜಿ," ಎಂದಳು ಮಂಜುಷಾ. "ಅವರ ಕೈಲೆ ರೊಕ್ಕ ಇಸಗೊಂಡು ನಮಗ ಕೊಡಾಂವ. ಅಂಥಾ ಕಂಪನಿಗಳು ಭಾಳ ಅವ. ಯಾರನ್ನ ಇಟ್ಕೋಬೇಕು ಅನ್ನೋದೇ ಪಂಚಾಯ್ತಿ."

ಆ ಪಂಚಾಯಿತಿ ಮೂರು ವಾರ ನಡೆಯಿತು. ಅನ್ನಕ್ಕೆ ಕುಳಿತಾಗ, ಬಟ್ಟೆ ಮಡಚುವಾಗ, ಸುಜಯೀಂದ್ರ ಸ್ಕೂಟರ್ ಒರೆಸುವಾಗ ಅದೇ ಮಾತು.

ಸುಜಯೀಂದ್ರನದು ಒಂದೇ ಹಟ. ಅಂಗಡಿ ಅಂಗಡಿಯಲ್ಲಿ ಅಂಟಿಸಿರುವ, ಫೋನು ಹಿಡಿದು ರೊಕ್ಕ ಹಾಕುವ ಚೌಕಳಿ ಚಿತ್ರವಿದೆಯಲ್ಲ, ಅದನ್ನೇ ಹಾಕಬೇಕು. ರೊಕ್ಕ ನೇರ ತನ್ನ ಖಾತೆಗೆ ಬರಲಿ, ಯಾರಿಗೂ ಒಂದು ಪೈಸೆ ದಲಾಲಿ ಕೊಡುವುದು ಬೇಡ.

"ಯಾರು ಹಾಕಿದ್ರು, ಯಾತಕ್ಕ ಹಾಕಿದ್ರು, ವೆಬ್‌ಸೈಟಿಗೆ ತಿಳಿಯೂದಿಲ್ರಿ," ಎಂದಳು ಶುಭದಾ. "ಒಬ್ಬೊಬ್ಬರೂ ರೊಕ್ಕ ಹಾಕಿದ್ದರ ಫೋಟೋ ಕಳಸಬೇಕು. ನೀವು ಮಿಲ್ಲಿನ್ಯಾಗ ಕೂತು ಅದನ್ನ ಹೊಂದಸ್ತೀರೇನು?"

"ಅಂದ್ರ ನನ್ನ ಖಾತಿ ಬ್ಯಾಡಂತಿ."

"ಅದನ್ನೂ ಅನ್ಲಿಕತ್ತೀನಿ."

ಮಂಜುಷಾಳ ಓಟು ಒಂದು ದೊಡ್ಡ ಕಂಪನಿಗೆ. ನೂರಕ್ಕೆ ಎರಡು ರೂಪಾಯಿ ತೆಗೆದುಕೊಳ್ಳುತ್ತದೆ, ಆದರೆ ಮರುದಿನ ಮುಂಜಾನೆ ರೊಕ್ಕ ಖಾತೆಯಲ್ಲಿ. ಮೂರನೆಯದು ಯಾರೂ ಹೆಸರು ಕೇಳದ ಸಣ್ಣ ಕಂಪನಿ. ಗುಫ್ರಾನನೇ ಅದನ್ನು ಅರೆಮನಸ್ಸಿನಿಂದ ಹೇಳಿದ್ದ: "ಯೇ ಭೀ ಒಂದ್ ಅದ ಭಾಭಿ. ಲೇಕಿನ್ ಲೇಟ್ ಕೊಡ್ತಾರ, ಕಮಿಷನ್ ಭೀ ಜಾಸ್ತಿ. ನಾ ಆದ್ರ ತಗೊಳ್ಳಂಗಿಲ್ಲ."

ಆ ಇಂಗ್ಲಿಷ್ ಹೆಸರುಗಳು ಬಾಯಿಗೆ ಹೊರಳದೆ ಸಾವಿತ್ರೀಬಾಯಿ ಮೂವರಿಗೂ ತಾನೇ ಹೆಸರಿಟ್ಟಳು. ಚೌಕಳೆಪ್ಪ, ಅವಸರಪ್ಪ, ತಾಳ್ಮೆಪ್ಪ. ಎರಡು ದಿವಸದಲ್ಲಿ ಮನೆಮಂದಿಗೆಲ್ಲ ಅದೇ ರೂಢಿಯಾಯಿತು. ಆಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು.

"ಕೊಳ್ಳೋರು ರೊಕ್ಕ ಕೊಟ್ಟಾರ. ನಾವಿನ್ನ ಡಬ್ಬಿ ಕಳಿಸಿಲ್ಲ. ಆ ನಡುವ ರೊಕ್ಕ ಯಾರ ಮನ್ಯಾಗ ಇರ್ತದ?"

"ಅದೇನು ಕೇಳ್ತಿ ಆಯಿ," ಎಂದ ಸುಜಯೀಂದ್ರ. ಮಂಜುಷಾ ನಕ್ಕಳು. ಶುಭದಾ ನಗಲಿಲ್ಲ. ಹೊಲಿಗೆಯ ಅಳತೆ ಬರೆಯುವ ವಹಿಯ ಹಿಂದಿನ ಪುಟ ತೆರೆದು ಆ ಪ್ರಶ್ನೆಯನ್ನು ಹಾಗೆಯೇ ಬರೆದುಕೊಂಡಳು.

ಮರುದಿನದಿಂದ ಅವಳು ಫೋನು ಹಿಡಿದು ಕುಳಿತಳು. ಮಧ್ಯಾಹ್ನದ ಕೆಲಸ ಮುಗಿಸಿ ಹೊಲಿಗೆ ಮಷೀನಿನ ಮುಂದೆ ಕುಳಿತು, ಫೋನನ್ನು ನೂಲಿನ ಉಂಡೆಗೆ ಆನಿಸಿಟ್ಟು, ಒಂದು ಕಡೆ ಹುಕ್ಕು ಹಚ್ಚುತ್ತಾ ಒಂದು ಕಡೆ ಕಾಯುವುದು. ಒಳಗಿನಿಂದ ಅದೇ ಒಂದು ಪೀಪಿ ಸಂಗೀತ ಇಪ್ಪತ್ತು ನಿಮಿಷ ಬರುತ್ತಿತ್ತು. ಅವಸರಪ್ಪನ ಕಡೆಯ ಹುಡುಗ ನಾಲ್ಕು ಸಲ ನಾಲ್ಕು ಬಗೆಯಲ್ಲಿ, ರೊಕ್ಕ ಬೇಗ ಬರುತ್ತದೆ ಮೇಡಂ ಎಂದೇ ಹೇಳಿದ. ಶುಭದಾ ಐದನೆಯ ಸಲ ಅದೇ ಪ್ರಶ್ನೆಯನ್ನು, ದನಿ ಏರಿಸದೆ, ಮೊದಲ ಸಲ ಕೇಳುವವಳ ಹಾಗೆ ಕೇಳಿದಳು. ಕೊನೆಗೆ ಅವನು ಬಾಯಿ ಬಿಟ್ಟ. ರೊಕ್ಕ ನಿಮ್ಮ ಖಾತೆಗೆ ಬಂದೇಬಿಡುತ್ತದೆ, ಮಾಲು ಕಳಿಸುವುದು ಬಿಡುವುದು ನಿಮ್ಮ ಕರ್ಮ. ವಾಪಸ್ ಕೊಟ್ಟರೆ ನಮ್ಮ ಕಮಿಷನ್ನು ಮಾತ್ರ ನಾವು ವಾಪಸ್ ಕೊಡುವುದಿಲ್ಲ.

ಸಾವಿತ್ರೀಬಾಯಿ ಬಾಗಿಲಿಗೆ ಆತು ಕುಳಿತು ಇದನ್ನೆಲ್ಲ ಕೇಳುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಈ ಹುಡುಗಿಯ ಕೈಯಲ್ಲಿ ಉದ್ದು ತಳ ಹತ್ತುತ್ತಿತ್ತು, ಹುರಿಯುವಾಗ ಆಕಡೆ ಈಕಡೆ ನೋಡುತ್ತಿದ್ದಳು. ಈಗ ನೋಡಿದರೆ, ಕಣ್ಣಿಗೆ ಕಾಣದ ಕಂಪನಿಯವನನ್ನು ಸಣ್ಣ ಉರಿಯ ಮೇಲೆ ಹೇಗೆ ಹುರಿಯುತ್ತಾಳೆ ಅನ್ನಿಸಿತು.

ತಾಳ್ಮೆಪ್ಪನ ಕಡೆಯಿಂದ ಮಾತಾಡಿದವಳು ವಿದ್ಯಾವತಿ ಎಂಬ ಹೆಂಗಸು. ಅವಳಿಗೆ ಕನ್ನಡ ಬರುತ್ತಿತ್ತು.

"ಇಷ್ಟು ದಿನಕ್ಕೆ ಇದನ್ನ ಕೇಳಿದವರು ನೀವೇ ಮೊದಲು ಮೇಡಂ. ದುಡ್ಡು ನಮ್ಮ ಹತ್ರ ತಡೆದು ನಿಂತಿರುತ್ತೆ. ನೀವು ಪಾರ್ಸಲ್ ಕಳಿಸಿ 'ಕಳಿಸಿದೆ' ಅಂತ ಒತ್ತಿದ ಮೇಲೆ ನಿಮ್ಮ ಕಡೆ ಬರುತ್ತೆ. ಐದು ದಿನದೊಳಗೆ ಒತ್ತಲಿಲ್ಲ ಅಂದ್ರೆ ಕೊಂಡವರಿಗೆ ತಾನಾಗೇ ವಾಪಸ್. ಅದಕ್ಕೆ ನಿಮ್ಮಿಂದ ಏನೂ ಹಿಡಿಯಲ್ಲ. ಇದರಿಂದಾನೇ ನಮ್ಮನ್ನ ಭಾಳ ಜನ ಬಿಡ್ತಾರೆ."

ಶುಭದಾ ಫೋನಿಟ್ಟು ಅತ್ತೆಯ ಕಡೆ ತಿರುಗಿದಳು. "ಕೇಳಿದ್ರೇನ್ರಿ?"

"ಕೇಳಿದೆ. ಕಟ್ಟಿ ಮ್ಯಾಲ ಡಬ್ಬಿ ಇಟ್ಟಂಗೇ ಆತು."

ಸಂಜೆ ಸುಜಯೀಂದ್ರ ಕೂಗಾಡಿದ. "ತಡಾ ಕೊಡ್ತಾನ, ಮ್ಯಾಲ ಹೆಚ್ಚಿಗಿ ತಗೋತಾನ. ಇಂಥವನ್ನ ಆರಸಲಿಕ್ಕೆ ಮೂರು ವಾರ?"

"ತಗೊಳ್ಳಲಿ ಬಿಡೋ," ಎಂದಳು ಸಾವಿತ್ರೀಬಾಯಿ. "ಡಬ್ಬಿ ಕಾಯೂದಕ್ಕೂ ಕೂಲಿ ಇರ್ತದ."

ಖಾತೆ ಶುಭದಾಳ ಹೆಸರಿನಲ್ಲಿ ತೆರೆಯಿತು. ತಾಳ್ಮೆಪ್ಪನಿಗೆ ಅಂಗಡಿಯ ಬೋರ್ಡಿನ ಫೋಟೋ ಬೇಕಿತ್ತು. ಮನೆಗೆ ಬೋರ್ಡೇ ಇರಲಿಲ್ಲ. ಮಂಜುಷಾ ರಟ್ಟಿನ ಮೇಲೆ 'ಸಾವಿತ್ರೀಬಾಯಿ ಮೆಂತೆಹಿಟ್ಟು' ಎಂದು ಬಣ್ಣದಲ್ಲಿ ಬರೆದು ಬಾಗಿಲ ಮೇಲೆ ಕಟ್ಟಿದಳು. "ಬದುಕಿದ್ದಾಗೇ ಗೋಡಿ ಮ್ಯಾಲ ಹೆಸರು ಹಾಕಸ್ಲಿಕತ್ತೀರಿ," ಎಂದು ಮುದುಕಿ ಗೊಣಗಿದಳು, ಆದರೆ ಬೀದಿಗಿಳಿದು ನೋಡಿ ಬಂದಳು. ಮಾವಿನೆಲೆಯ ತೋರಣ ಅಡ್ಡ ಬಂದು ಅರ್ಧ ಹೆಸರು ಮುಚ್ಚಿದ್ದರಿಂದ ಆ ಫೋಟೋ ನಪಾಸಾಯಿತು. ತೋರಣ ಬಿಚ್ಚಿ ಮತ್ತೊಂದು ಫೋಟೋ ಕಳಿಸಿದ್ದಾಯಿತು.

ವೆಬ್‌ಸೈಟು ತೆರೆಯಲು ಪಂಚಾಂಗ ಹಿಡಿದು ಮುಹೂರ್ತ ನೋಡಿದವಳು ಸಾವಿತ್ರೀಬಾಯಿ. ವಿಜಯದಶಮಿ. ನವರಾತ್ರಿಯಲ್ಲಿ ಅತ್ತೆ ಸೊಸೆ ಕೂಡಿ ಎರಡು ಸಲ ಹುರಿದು, ಬೀಸಿಸಿ, ರುಚಿ ನೋಡಿ ಅರವತ್ತು ಪೊಟ್ಟಣ ಕಟ್ಟಿದರು. ಕಾರ್ತಿಕದ ತನಕ ಸಾಕಾಗುತ್ತದೆ ಎಂದುಕೊಂಡರು.

ಹತ್ತು ಗಂಟೆಗೆ ತೆರೆದರು. ಸಂಜೆಯೊಳಗೆ ಎಂಟು ಆರ್ಡರು. ಪುಣೆಯಲ್ಲಿದ್ದ ವಕೀಲರ ಮಗಳು ಪುತಳಾಬಾಯಿ, ಅಟ್ಟದ ಮೇಲೆ ಯಾರ ಮನೆಯ ಡಬ್ಬಿಯಿತ್ತೋ ಅವಳು, "ನಮ್ಮ ಕಲಬುರ್ಗಿ ಬಾಯಾರ ಮೆಂತೆಹಿಟ್ಟು ಸಿಗಲಿಕತ್ತದ" ಎಂದು ತನ್ನ ಬಳಗದವರಿಗೆಲ್ಲ ಫೋನಿನಲ್ಲಿ ಹಂಚಿಬಿಟ್ಟಿದ್ದಳು. ನಾಲ್ಕು ದಿವಸಕ್ಕೆ ಅರವತ್ತು ಪೊಟ್ಟಣವೂ ಖಾಲಿ. ಆರ್ಡರು ನಿಲ್ಲಲಿಲ್ಲ. ಮಾಲು ಮುಗಿದಾಗ ಅಂಗಡಿಗೆ ಪರದೆ ಎಳೆಯುವುದು ಹೇಗೆಂದು ಗುಫ್ರಾನ ಹೇಳಿಕೊಟ್ಟಿರಲಿಲ್ಲ, ಇವರೂ ಕೇಳಿರಲಿಲ್ಲ. ಅವನಿಗೆ ಫೋನ್ ಮಾಡಿ ಮುಚ್ಚಿಸುವ ಹೊತ್ತಿಗೆ ಇನ್ನೂ ನಲವತ್ತೊಂದು ಮಂದಿ ರೊಕ್ಕ ಹಾಕಿ ಕಾಯುತ್ತಿದ್ದರು.

"ನಾಳೆನೇ ಹುರಿಯೋಣ್ರಿ ಅತ್ಯಾ," ಎಂದು ಶುಭದಾ ಕಡಲೆಬೇಳೆಯ ಡಬ್ಬ ಇಳಿಸಲು ಹೋದಳು. ಮುಚ್ಚಳಕ್ಕೆ ಕೈ ಹಚ್ಚಿದವಳು ಹಾಗೇ ನಿಂತಳು.

ದ್ವಾದಶಿ ಕಳೆದು ಹೋಗಿತ್ತು. ದ್ವಿದಳ ವ್ರತ ಹಿಡಿದು ಮೂರನೆಯ ದಿವಸ. ಕಾರ್ತಿಕದ ದ್ವಾದಶಿಯ ತನಕ, ತಿಂಗಳೊಪ್ಪತ್ತು, ಆ ಮನೆಯಲ್ಲಿ ಯಾವ ಬೇಳೆಯೂ ನಾಲಿಗೆಗೆ ತಾಗುವಂತಿಲ್ಲ. ಅವತ್ತಿನ ಊಟವೂ ಮೆಣಸು ಜೀರಿಗೆಯ ಸಾರು, ಮೊಸರು. ಮೆಂತೆಹಿಟ್ಟೆಂದರೆ ಬೇಳೆಯೇ. ಕಡಲೆ, ಉದ್ದು, ಹೆಸರು.

ಸಾವಿತ್ರೀಬಾಯಿ ಕಂಬಕ್ಕೆ ಆತು ಕುಳಿತಳು. ಎಪ್ಪತ್ತೆಂಟು ವರ್ಷದಲ್ಲಿ ಒಂದು ಚಾತುರ್ಮಾಸ ಬಿಟ್ಟವಳಲ್ಲ. ಮುಹೂರ್ತ ನೋಡುವಾಗ ದಶಮಿ ಕಣ್ಣಿಗೆ ಬಿತ್ತು, ಅದರ ಮುಂದಿನ ಸಾಲು ಬೀಳಲಿಲ್ಲ.

"ಇದರಾಗ ನಿನ್ನ ತಪ್ಪಿಲ್ಲ," ಎಂದಳು. "ಪಂಚಾಂಗ ಹಿಡದಾಕಿ ನಾನು."

ಮಾತು ಸಂಜೆ ಸುಜಯೀಂದ್ರನ ಕಿವಿಗೆ ಬಿತ್ತು. ಮಿಲ್ಲಿನಿಂದ ಬಂದವನ ಅಂಗಿಯ ತುಂಬ ಬೇಳೆಯ ಹೊಟ್ಟು. ವ್ರತದ ತಿಂಗಳು ತಾಯಿ ಅವನನ್ನು ಸ್ನಾನವಿಲ್ಲದೆ ಅಡುಗೆಮನೆಗೆ ಬಿಡುತ್ತಿರಲಿಲ್ಲ. ಬಚ್ಚಲ ಬಾಗಿಲಲ್ಲಿ ನಿಂತೇ ಮಾತಾಡಿದ.

"ಉಣ್ಣಬಾರದು ಅಂತ ಅದ, ಹುರೀಬಾರದು ಅಂತ ಎಲ್ಲದ? ಮ್ಯಾಲಿನ ಖೋಲ್ಯಾಗ ಒಲಿ ಹಚ್ಚಿ ಹುರೀರಿ."

"ಹುರದು? ರುಚಿ ಯಾರು ನೋಡ್ತಾರ?" ಎಂದಳು ಸಾವಿತ್ರೀಬಾಯಿ. "ನಲವತ್ತು ವರ್ಷ ನಾಲಿಗಿ ಮ್ಯಾಲ ಇಡದ ಒಂದು ಡಬ್ಬಿ ಕೊಟ್ಟಿಲ್ಲ."

"ನಾ ನೋಡ್ತೀನಿ. ಆಫೀಸಿನ್ಯಾಗ ದಿನಾ ವಡಾ ತಿನ್ಲಿಕತ್ತೀನಿ, ನಿನಗ ಗೊತ್ತಿಲ್ಲೇನು."

"ಗೊತ್ತದ. ಉಪ್ಪು ಹಾಕದ ಹುಳಿ ಉಂಡು ಎದ್ದು ಹೋಗಾಂವ ನೀ."

"ನಾ ನೋಡ್ಲೇನು ಅಜ್ಜಿ?" ಎಂದಳು ಮಂಜುಷಾ.

"ನಿನಗ ಎಲ್ಲಾನೂ ಸೂಪರ್."

ಸುಜಯೀಂದ್ರ ಹೆಂಡತಿಯ ಕಡೆ ತಿರುಗಿದ. "ಹಂಗಾರ ಆ ಗುಂಡಿ ಒತ್ತಿಬಿಡು. 'ಕಳಿಸಿದೆ' ಅಂತ. ರೊಕ್ಕ ನಮ್ಮ ಕಡೆ ಬಂದು ಬೀಳ್ತದ. ಮಾಲು ಕಾರ್ತಿಕದಾಗ ಕಳಸೋಣಂತ. ಐದು ದಿವಸ ಆತಂದ್ರ ರೊಕ್ಕಾನೂ ಹೋಗ್ತದ, ಗಿರಾಕಿನೂ ಹೋಗ್ತಾರ. ದೀಪಾವಳಿ ತನಕ ಅಂತ ಹೇಳಿದ್ದು ನೆನಪದಲಾ?"

ಶುಭದಾಳ ಕೈಯಲ್ಲಿ ಫೋನಿತ್ತು. ನಲವತ್ತೊಂದು ಹೆಸರು, ಒಂದೊಂದರ ಎದುರಿಗೆ ಒಂದೊಂದು ಹಸಿರು ಗುಂಡಿ. ಅವಳು ಅದನ್ನು ನೋಡಿದಳು. ಫೋನನ್ನು ಬೋರಲು ಹಾಕಿ ಕಟ್ಟೆಯ ಮೇಲಿಟ್ಟಳು.

"ಕಳಿಸಿಲ್ರಿ. ಕಳಿಸಿದೆ ಅಂತ ಹ್ಯಾಂಗ ಒತ್ಲಿ? ಮುಚ್ಚೂದಾದ್ರ ಮುಚ್ಚತೀನಿ. ಸುಳ್ಳು ಒತ್ತೂದಿದ್ರ ಅವಸರಪ್ಪನ್ನೇ ಇಟ್ಕೋತಿದ್ದೆ, ಮೂರು ವಾರ ಯಾಕ ತಲಿ ಕೆಡಸ್ಕೋತಿದ್ದೆ."

ಸುಜಯೀಂದ್ರ ಬಚ್ಚಲ ಬಾಗಿಲು ಹಾಕಿಕೊಂಡ. ಸಾವಿತ್ರೀಬಾಯಿ ಸೊಸೆಯನ್ನು ನೋಡುತ್ತಾ ಕುಳಿತಳು. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಇದ್ದರೂ ಕೆಲವು ಮಾತು ಒಂದು ಸಂಜೆಗೆ ತಿಳಿಯುತ್ತವೆ. ಆಮೇಲೆ ಎದ್ದು, "ಕಮಲಾಪುರಕ್ಕ ಫೋನ್ ಹಚ್ಚು," ಎಂದಳು. "ದುಂಡವ್ವಗ."

ಕಮಲಾಪುರದ ದುಂಡಮ್ಮ ಒಕ್ಕಲಿನ ಮನೆಯ ಹೆಂಗಸು. ಬ್ರಹ್ಮಪುರದ ಮನೆಗೆ ಕಡಲೆ, ಉದ್ದು, ಹೆಸರು ನಲವತ್ತು ವರ್ಷದಿಂದ ಅವಳ ಹೊಲದಿಂದಲೇ ಬರುತ್ತಿತ್ತು. ಬದಲಿಗೆ ಬೇಳೆಯ ಬೆಲೆಯ ಜೊತೆ, ಪ್ರತಿ ಸಲ ಬೀಸಿದ ಹಿಟ್ಟಿನ ಮೊದಲ ಡಬ್ಬಿ ಅವಳಿಗೆ. ಮೊದಲ ವರ್ಷವೇ ದುಂಡಮ್ಮ ಖಾಲಿ ಡಬ್ಬಿ ಮರಳಿಸುತ್ತಾ, "ಈ ಸಲ ಮೆಂತ್ಯಾ ಒಂದೀಟು ಹೆಚ್ಚು ಹುರದೀರಿ ಬಾಯಾರ," ಎಂದಿದ್ದಳು. ಅಂದು ಸಾವಿತ್ರೀಬಾಯಿಗೆ ಸಿಟ್ಟು ಬಂದಿತ್ತು. ಮನೆಗೆ ಹೋಗಿ ತಿಂದು ನೋಡಿದರೆ ಮಾತು ನಿಜವಾಗಿತ್ತು.

"ನನ್ನ ನಾಲಿಗಿ ಒಂದು ತಿಂಗಳು ಕಟ್ಟಿ ಹಾಕೇದ ದುಂಡವ್ವ. ನಿನ್ನ ನಾಲಿಗಿ ಬೇಕಾಗ್ಯದ."

"ನಾಲಿಗಿ ಒಂದ ಯಾಕ್ರಿ, ಒಲಿನೂ ಅದ, ನಾವೂ ಅದೀವಿ. ಬೇಳಿ ಒಡದು ಹಸನ ಮಾಡಲಿಕ್ಕೆ ಮೂರು ದಿವಸ ಬೇಕು, ಆ ಮ್ಯಾಲ ಬರ್ರಿ."

ನಾಲ್ಕು ದಿವಸ ಬಿಟ್ಟು ಮುಂಜಾನೆಯ ಬಸ್ಸಿಗೆ ಅತ್ತೆ ಸೊಸೆ ಹೊರಟರು. ಸಾವಿತ್ರೀಬಾಯಿಯ ಚೀಲದಲ್ಲಿ ಕಬ್ಬಿಣದ ಬಾಣಲೆ, ಅಳೆಯಲು ಹಿತ್ತಾಳೆಯ ಅಚ್ಚೇರು, ಕುಡಿಯಲು ಮನೆಯ ನೀರು. ದುಂಡಮ್ಮನ ಮಗ ಚಂದ್ರಶಾ ಬಸ್ ನಿಲ್ದಾಣಕ್ಕೆ ಬಂದು ಚೀಲ ಇಸಿದುಕೊಂಡ. ಅಂಗಳದಲ್ಲಿ ಒಲೆ ಹೂಡಿ ಆಗಿತ್ತು. ದುಂಡಮ್ಮನ ಸೊಸೆ ಗುರುದೇವಿ ಬೇಳೆ ಹಸನು ಮಾಡಿ ಬೇರೆ ಬೇರೆ ಹರವಿದ್ದಳು. ಸಾವಿತ್ರೀಬಾಯಿಗೆ ಒಲೆಯಿಂದ ನಾಲ್ಕು ಮಾರು ದೂರ ಮಣೆ ಹಾಕಿದರು, ಪಕ್ಕದಲ್ಲಿ ಎರಡು ಕೆಂಪು ಬಾಳೆಹಣ್ಣು ಇಟ್ಟರು.

ಶುಭದಾ ಹುರಿದಳು, ಅತ್ತೆ ದೂರದಿಂದ ಹೇಳಿದಳು. ಉರಿ ಇಳಸು. ಕೈ ಬಿಡಬ್ಯಾಡ. ಸಾಕು, ತಗಿ.

"ಅಲ್ಲಿಂದ ಹ್ಯಾಂಗ ತಿಳೀತದ್ರಿ ಬಾಯಾರ?" ಎಂದಳು ಗುರುದೇವಿ.

"ಮೂಗಿಗೆ ವ್ರತ ಇಲ್ಲವ್ವಾ."

"ವಾಸನಿ ನೋಡಿದ್ರ ಅರ್ಧ ಉಂಡಂಗ ಅಂತಾರಲ್ರಿ ನಿಮ್ಮ ಆಚಾರ್ರು," ಎಂದು ದುಂಡಮ್ಮ ಕೆಣಕಿದಳು.

"ಆ ಅರ್ಧ ತಪ್ಪು ನನ್ನ ಹೆಸರಿಗೆ ಹಿಡೀಲಿ ಬಿಡು."

ಚಂದ್ರಶಾ ಗಿರಣಿಗೆ ಒಯ್ದು ಬೀಸಿಕೊಂಡು ಬಂದ. ದುಂಡಮ್ಮ ಕೈ ತೊಳೆದು, ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಶುಭದಾಳ ಫೋನು ಎರಡು ಸಲ ಕುಂಯ್‌ಗುಟ್ಟಿತು. ಐದು ದಿವಸ ತುಂಬಿದ ಎರಡು ಆರ್ಡರಿನ ರೊಕ್ಕ ವಾಪಸ್ ಹೋಗಿತ್ತು. ಮುಂಜಾನೆಯಿಂದ ಅಂಥವು ಐದಾಗಿದ್ದವು.

"ಉದ್ದು ಒಂದೀಟು ಹಸಿ ಉಳದದ್ರಿ," ಎಂದಳು ದುಂಡಮ್ಮ.

"ಬಣ್ಣ ಸರಿ ಇತ್ತಲ್ಲ," ಎಂದಳು ಸಾವಿತ್ರೀಬಾಯಿ.

"ಬಣ್ಣ ಸರಿ ಇತ್ರಿ. ಕಾಳಿನ ಹೊಟ್ಟ್ಯಾಗ ಹಸಿ ಅದ. ಹೊಸಾ ಉದ್ದು ಇದು, ತೇವ ಜಾಸ್ತಿ. ಉಂಡವರಿಗೆ ತಿಳಿಯಂಗಿಲ್ಲ. ನಮಗ ತಿಳೀತದ."

ಶುಭದಾ ಬಾಣಲೆಯ ಹಿಡಿ ಹಿಡಿದು ಅತ್ತೆಯ ಮುಖ ನೋಡಿದಳು. ಮತ್ತೆ ಹುರಿದು ಬೀಸಿದರೆ ಸಂಜೆಯಾಗುತ್ತದೆ. ಸಂಜೆಯ ಬಸ್ಸಿಗೆ ಕಲಬುರಗಿ ಮುಟ್ಟಿ ಪಾರ್ಸಲ್ ಕೊಡುವಷ್ಟರಲ್ಲಿ ಇನ್ನೂ ನಾಲ್ಕು ಹೋಗುತ್ತವೆ. ಉಂಡವರಿಗೆ ತಿಳಿಯುವುದಿಲ್ಲ ಎಂದು ದುಂಡಮ್ಮನೇ ಹೇಳಿಯಾಗಿದೆ. ಸಾವಿತ್ರೀಬಾಯಿ ಬಾಳೆಹಣ್ಣಿನ ದಪ್ಪ ಸಿಪ್ಪೆಯನ್ನು ನಿಧಾನ ಸುಲಿದಳು.

"ಅಕಿ ನಾಲಿಗಿ ಕೇಳಲಿಕ್ಕೆ ಬಂದೀವಿ. ಕೇಳಿದೆವು," ಎಂದಳು. "ಮತ್ತ ಹುರಿ."

ಹಸಿ ಹಿಟ್ಟು ದುಂಡಮ್ಮನ ಎಮ್ಮೆಗೆ ಹೋಯಿತು. ಎರಡನೆಯ ಸಲ ಉದ್ದನ್ನು ಮೊದಲು ಬಿಸಿಲಿಗೆ ಹಾಕಿ ಆಮೇಲೆ ಹುರಿದರು. ಬೀಸಿ ತಂದಾಗ ದುಂಡಮ್ಮ ಮತ್ತೆ ಕಣ್ಣು ಮುಚ್ಚಿದಳು. ತೆರೆದವಳು ಏನೂ ಅನ್ನದೆ ಇನ್ನೊಂದು ಚಿಟಿಕೆಗೆ ಕೈ ಹಾಕಿದಳು. ಅಷ್ಟು ಸಾಕಾಯಿತು.

ಬಸ್ಸಿನಲ್ಲಿ ಶುಭದಾ ಉಳಿದ ಮೂವತ್ತೆರಡು ಮಂದಿಗೂ ಒಂದೇ ಮಾತು ಬರೆದಳು. ಬರೆದದ್ದನ್ನು ಅತ್ತೆಗೆ ಓದಿ ತೋರಿಸಿದಳು: "ನಮ್ಮ ಮನೆಯಲ್ಲಿ ಈ ತಿಂಗಳು ದ್ವಿದಳ ವ್ರತ. ಸಾವಿತ್ರೀಬಾಯಿಯವರು ರುಚಿ ನೋಡುವಂತಿಲ್ಲ. ಈ ಹಿಟ್ಟನ್ನು ಕಮಲಾಪುರದಲ್ಲಿ, ದುಂಡಮ್ಮನವರ ಮನೆಯ ಒಲೆಯ ಮೇಲೆ ಹುರಿದಿದ್ದೇವೆ. ರುಚಿ ನೋಡಿ ಸೈ ಅಂದವರು ದುಂಡಮ್ಮನವರು. ಬೇಡ ಅನ್ನುವವರು ಹೇಳಿ, ನಿಮ್ಮ ರೊಕ್ಕ ಇನ್ನೂ ನಾವು ಮುಟ್ಟಿಲ್ಲ."

"ಒಲಿ ಮಾತು ಬರೀಬೇಕಾ? ಮಡಿ ಗಿಡಿ ಅಂತ ಒಬ್ಬಿಬ್ಬರು ಬಿಡ್ತಾರ," ಎಂದಳು ಸಾವಿತ್ರೀಬಾಯಿ.

"ಬಿಡ್ಲಿ ಬಿಡ್ರಿ. ತಿಳದು ಉಣ್ಣಲಿ."

ಮೂವರು ಬಿಟ್ಟರು. ಇಪ್ಪತ್ತೊಂಬತ್ತು ಪಾರ್ಸಲ್ ಹೋದವು. ಪಾರ್ಸಲ್ಲಿನವನು ಚೀಟಿ ಕೊಟ್ಟ ಮೇಲೆ ಶುಭದಾ ಅವನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಒಂದೊಂದೇ ಗುಂಡಿ ಒತ್ತಿದಳು. ವಾಪಸ್ ಹೋದ ಒಂಬತ್ತರಲ್ಲಿ ಆರು ಮಂದಿ ಎರಡು ದಿವಸ ಬಿಟ್ಟು ಮತ್ತೆ ಬೇಕೆಂದು ಬರೆದರು. ರೊಕ್ಕ ಕೇಳದೆಯೇ ವಾಪಸ್ ಬಂದದ್ದು ನೋಡಿ ಅವರಿಗೆ ಆಶ್ಚರ್ಯವಾಗಿತ್ತಂತೆ. ವೆಬ್‌ಸೈಟು ಮತ್ತೆ ತೆರೆದ ಮೇಲೆ, ನರಕ ಚತುರ್ದಶಿಗೆ ಮೊದಲು ಕಮಲಾಪುರದ ಅಂಗಳದಲ್ಲಿ ಇನ್ನೂ ಎರಡು ಸಲ ಒಲೆ ಉರಿಯಿತು. ಎರಡನೆಯ ಸಲ ಮಾಲಿನ ಚೀಲ ಹೊತ್ತು ಬಂದವನು ಸುಜಯೀಂದ್ರ. ಯಾರೂ ಕರೆದಿರಲಿಲ್ಲ. ಮಿಲ್ಲಿಗೆ ರಜೆ ಇತ್ತು ಎಂದ. ಮುಚ್ಚುವ ಮಾತು ತೆಗೆಯಲಿಲ್ಲ.

ಒಂದು ಕೆಲಸ ಮಾತ್ರ ಕೂಡಿ ಬರಲಿಲ್ಲ. ದುಂಡಮ್ಮ ರೊಕ್ಕ ಮುಟ್ಟಲಿಲ್ಲ.

"ಬೇಳಿ ರೊಕ್ಕ ಕೊಟ್ಟೀರಿ, ಇಸ್ಕೊಂಡೀನಿ. ಇದು ಬ್ಯಾಡ್ರಿ," ಎಂದು ಸಾವಿತ್ರೀಬಾಯಿಯ ಕೈಯ ನೋಟನ್ನು ಸರಿಸಿದಳು. "ನಲವತ್ತು ವರ್ಷ ನಿಮ್ಮ ಡಬ್ಬಿ ಉಂಡೀನಿ. ಇವತ್ತ ನಿಮ್ಮ ಕೈಲಿಂದ ಇಸ್ಕೊಂಡ್ರ ನಾ ಕೂಲಿಯಾಕಿ ಆಗ್ತೀನಿ."

"ಹಂಗಲ್ಲ ದುಂಡವ್ವ."

"ಹಂಗೇ ಆಗ್ತದ್ರಿ. ನಿಮಗ ಗೊತ್ತಿಲ್ಲ, ಕೊಡೋರಿಗೆ ಗೊತ್ತಾಗೂದಿಲ್ಲ."

ಆ ಮಾತು ಸಾವಿತ್ರೀಬಾಯಿಯ ಜೊತೆ ಬಸ್ಸು ಹತ್ತಿ ಮನೆಗೆ ಬಂದಿತು. ಎರಡು ದಿವಸ ಅವಳು ಮೊರ ಹಿಡಿದು ಅಕ್ಕಿ ಆರಿಸಿದಳು. ಮೂರನೆಯ ದಿವಸ ಸೊಸೆಯನ್ನು ಕರೆದಳು.

"ಆ ತಾಳ್ಮೆಪ್ಪ ರೊಕ್ಕ ಒಂದೇ ಮನಿಗೆ ಹಾಕ್ತಾನೋ, ಎರಡು ಮನಿಗೆ ಹಂಚತಾನೋ?"

ಶುಭದಾ ವಹಿಯ ಹಿಂದಿನ ಪುಟದಲ್ಲಿ ಇದನ್ನೂ ಬರೆದುಕೊಂಡಳು. ವಿದ್ಯಾವತಿ ಫೋನಿನಲ್ಲಿ ನಕ್ಕಳು. ಆಗುತ್ತದೆ ಮೇಡಂ, ಆ ಇನ್ನೊಬ್ಬರ ಖಾತೆಯ ಕಾಗದ ಕಳಿಸಿ, ಎಷ್ಟೆಷ್ಟು ಪಾಲೆಂದು ಹೇಳಿ. ನೀವು 'ಕಳಿಸಿದೆ' ಎಂದು ಒತ್ತಿದ ಗಳಿಗೆಗೆ ಎರಡೂ ಖಾತೆಗೆ ಒಟ್ಟಿಗೇ ಹೋಗುತ್ತದೆ. ಬೋರ್ಡಿನ ಮೇಲೆ ಅವರ ಹೆಸರೂ ಇದ್ದರೆ ಒಳ್ಳೆಯದು. ಖಾತೆಯ ಕಾಗದವನ್ನು ಗುರುದೇವಿ ಅತ್ತೆಗೆ ಹೇಳದೆ ಕಳಿಸಿಕೊಟ್ಟಳು. ಮಂಜುಷಾ ಮತ್ತೆ ಬಣ್ಣದ ಡಬ್ಬಿ ತೆರೆದಳು.

ಖಾತೆಗೆ ರೊಕ್ಕ ಬಿದ್ದದ್ದನ್ನು ಗುರುದೇವಿ ಫೋನಿನಲ್ಲಿ ನೋಡಿ ಅತ್ತೆಗೆ ಓದಿ ಹೇಳಿದ ಸಂಜೆ ದುಂಡಮ್ಮ ತಾನೇ ಫೋನ್ ಮಾಡಿದಳು.

"ಏನ್ ಹಚ್ಚೀರಿ ಬಾಯಾರ ಇದು? ಯಾರು ಹಾಕ್ಯಾರ?"

"ನಾ ಹಾಕಿಲ್ಲವ್ವಾ. ನಿನಗ ಹಾಕಿದಾಂವನೇ ನಮಗೂ ಹಾಕ್ಯಾನ, ಅದೇ ಹೊತ್ತಿಗೆ. ಜಗಳ ಮಾಡೂದಿದ್ರ ಅವನ ಜೋಡಿ ಮಾಡು."

"ಹಂಗಾರ ಇರ್ಲಿ ಬಿಡ್ರಿ," ಎಂದು ಅತ್ತಕಡೆಯಿಂದ ಕೇಳಿಸಿತು.

ಕಾರ್ತಿಕದ ದ್ವಾದಶಿ ಬಂತು. ಮುಂಜಾನೆಯೇ ಪೂಜೆ ಮುಗಿದು, ಬೇಳೆಯ ನೈವೇದ್ಯವಾಗಿ ವ್ರತ ಬಿಟ್ಟರು. ತಿಂಗಳ ಮೇಲೆ ಮನೆಯಲ್ಲಿ ತೊವ್ವೆಯ ಘಮ. ಶುಭದಾ ಅತ್ತೆಯ ತಟ್ಟೆಗೆ ಬಿಸಿ ಅನ್ನ ಬಡಿಸಿ, ತುಪ್ಪ ಹಾಕಿ, ಕಮಲಾಪುರದ ಕೊನೆಯ ಪೊಟ್ಟಣ ಒಡೆದು ಮೆಂತೆಹಿಟ್ಟು ಉದುರಿಸಿದಳು. ಸುಜಯೀಂದ್ರನೂ ಕೈ ತಡೆದು ನೋಡಿದ. ಸಾವಿತ್ರೀಬಾಯಿ ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಎರಡನೆಯ ತುತ್ತು. ಮೂರನೆಯದು. ತಟ್ಟೆ ಖಾಲಿಯಾಯಿತು.

"ಏನರೆ ಅನ್ರಿ ಅತ್ಯಾ," ಎಂದಳು ಶುಭದಾ. "ನೂರಾರು ಮನಿಗೆ ಹೋಗ್ಯದ ಇದು."

"ನನಗಿಂತ ಒಂದು ಗುಂಜಿ ಮುಂದ ಅದ," ಎಂದಳು ಸಾವಿತ್ರೀಬಾಯಿ. "ಉದ್ದು ಬಿಸಲಿಗೆ ಹಾಕೂದು ನಲವತ್ತು ವರ್ಷ ನನಗ ಹೊಳೀಲಿಲ್ಲ."

"ದುಂಡಮ್ಮಗ ಹೇಳ್ಲೇನು?"

"ಬ್ಯಾಡ, ತಲಿ ಮ್ಯಾಲ ಕೂಡ್ತಾಳ." ಕೈ ತೊಳೆದು ಬಂದವಳು ಸೆರಗಿಗೆ ಕೈ ಒರೆಸುತ್ತಾ ನಿಂತಳು. ಅಟ್ಟದ ಕಡೆ ಒಮ್ಮೆ ನೋಡಿದಳು. ಹನ್ನೊಂದಿದ್ದ ಡಬ್ಬಿಯಲ್ಲಿ ಈಗ ಹತ್ತಿದ್ದವು. ವಕೀಲರ ಮನೆಯದನ್ನು ತುಂಬಿಸಿ ಪುಣೆಗೆ ಕಳಿಸಿದ್ದರು.

"ಕೊಡಿಲ್ಲಿ ಆ ಫೋನು," ಎಂದಳು. "ಇಂಥಾ ಮಾತು ನಾನೇ ಹೇಳಬೇಕು."